ಮಿಡಿಗೊಂದು ಮುನ್ನುಡಿ

ಸಾಗರದಲ್ಲಿರುವ ತಮ್ಮನ ಮಗಳು ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಆನ್‌ಲೈನಿನಲ್ಲಿ ಮಾರಲು ಹೊರಟಳು. ಅವಳ ಜಾಲತಾಣಕ್ಕೆ ನಾಲ್ಕು ಸಾಲು ಬೇಕಿತ್ತು. ಮದುವೆಯ ಕರೆಯೋಲೆಯಿಂದ ವೈಕುಂಠ ಸಮಾರಾಧನೆಯ ಪತ್ರದವರೆಗೆ ನಮ್ಮ ಮನೆಯಲ್ಲಿ ಬರೆಯುವ ಕೆಲಸವೆಲ್ಲ ನನ್ನ ತಲೆಗೇ. ಇದೂ ಬಂತು.

ಮೂರು ದಿನ ಕೂತು ಬರೆದೆ. ಮೊದಲ ಪ್ಯಾರಾದಲ್ಲಿ ಸಹ್ಯಾದ್ರಿ, ಎರಡನೆಯದರಲ್ಲಿ ಅಘನಾಶಿನಿಯ ದಂಡೆ, ಮೂರನೆಯದರಲ್ಲಿ ನನ್ನ ಅಜ್ಜಿ, ಅಜ್ಜಿಯ ಬೆನ್ನಿಗೆ ಭರಣಿ. ನಡುವೆ ಎಲ್ಲೋ ಮಾವಿಗೆ ‘ರಸಾಲ’ ಎಂಬ ಪದವನ್ನೂ ಸಂಭ್ರಮದಿಂದ ಕೂರಿಸಿದ್ದೆ. ಅವಳು ಮೊಬೈಲಿನಲ್ಲಿ ಹೆಬ್ಬೆರಳಾಡಿಸುತ್ತ ಓದಿದಳು. ನಾಲ್ಕು ಸಲ ಸರಿಸಿ, ತಲೆಯೆತ್ತಿ, “ದೊಡ್ಡಪ್ಪ, ಉಪ್ಪಿನಕಾಯಿ ಇನ್ನೂ ಬಂದೇ ಇಲ್ಲವಲ್ಲ?” ಎಂದಳು.

“ಊಟಕ್ಕೆ ಕೂತ ಕೂಡಲೇ ಪಾಯಸ ಬರುತ್ತದೆಯೇ?”

“ಪಾಯಸ ಬರಲ್ಲ. ಉಪ್ಪಿನಕಾಯಿ ಮೊದಲೇ ಬರುತ್ತೆ, ಎಲೆಯ ಎಡತುದಿಗೆ.”

ಇದಕ್ಕೆ ಉತ್ತರವಿಲ್ಲ. ಆಮೇಲೆ ಗೊತ್ತಾಯಿತು, ಜನ ಜಾಲತಾಣ ಓದುವ ಬಗೆಯನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಎಂಬಾತ 2006ರಲ್ಲಿ ಇದನ್ನೇ ಬೇರೆ ರೀತಿಯಲ್ಲಿ ಹೇಳಿದ್ದಾನೆ. 232 ಮಂದಿಯನ್ನು ಪರದೆಯ ಮುಂದೆ ಕೂರಿಸಿ ಅವರ ಕಣ್ಣು ಎಲ್ಲೆಲ್ಲಿ ಓಡುತ್ತದೆ ಎಂದು ಅಳೆದರೆ, ಹೆಚ್ಚಾಗಿ ಮೇಲಿನ ಒಂದೆರಡು ಸಾಲು, ಆಮೇಲೆ ಎಡಗಡೆಯ ಅಂಚು, ಅಷ್ಟೇ. ನಮ್ಮ ಬಡಿಸುವ ಭಟ್ಟರನ್ನು ಕೇಳಿದ್ದರೆ ಅಷ್ಟು ಖರ್ಚೇ ಬೀಳುತ್ತಿರಲಿಲ್ಲ.

“ರಸಾಲ ಅಂತ ಯಾರು ಹುಡುಕ್ತಾರೆ ದೊಡ್ಡಪ್ಪ? ಜನ ‘ಮಿಡಿ ಉಪ್ಪಿನಕಾಯಿ’ ಅಂತ ಹಾಕ್ತಾರೆ” ಎಂದು ಆ ಪದವನ್ನು ಕಿತ್ತಳು. ಪದ ಕಿತ್ತದ್ದನ್ನು ಕಂಡು ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸುತ್ತಿದ್ದ ಕಾಲ ನೆನಪಾಯಿತು. ಇಂಗ್ಲಿಷಿಗೆ ಒಂದು ಸಂದೇಶದಲ್ಲಿ 160 ಅಕ್ಷರ, ಕನ್ನಡಕ್ಕೆ 70 ಮಾತ್ರ. ಅದರಲ್ಲೂ ಒತ್ತು, ಗುಣಿತಗಳೆಲ್ಲ ಬೇರೆ ಬೇರೆ ಲೆಕ್ಕಕ್ಕೆ. ಕಾಸಿಗೆ ಹೆದರಿ ‘ಕ್ಷೇಮವಾಗಿದ್ದೇವೆ’ಯನ್ನು ‘ಕ್ಷೇಮ’ ಮಾಡುತ್ತಿದ್ದೆವು. ಈಗ ಜಾಗಕ್ಕೆ ಬರವಿಲ್ಲ. ಅದಕ್ಕೇ ಸಹ್ಯಾದ್ರಿಯಿಂದ ಶುರು ಮಾಡಿದ್ದೆ.

ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಅದು ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಸುಕ್ಕುಗಟ್ಟಿದ ಮೇಲೇ ಸಾಸಿವೆ ಮೆಣಸಿನ ಖಾರ. ನನ್ನ ಬರಹವನ್ನೂ ಹಾಗೇ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ತೆಗೆದೆ. ಸಹ್ಯಾದ್ರಿ ಹೋಯಿತು, ನದಿ ಹೋಯಿತು. ಅಜ್ಜಿಯನ್ನು ಮಾತ್ರ ಅವಳೇ ಉಳಿಸಿದಳು, ಅದೂ ಒಂದೇ ಸಾಲಿನಲ್ಲಿ: ತೊಟ್ಟು ಮುರಿದ ಮಿಡಿಯನ್ನು ಅಜ್ಜಿ ಭರಣಿಗೆ ಹಾಕುತ್ತಿರಲಿಲ್ಲ, ನಾವೂ ಹಾಕುವುದಿಲ್ಲ. ಮೂರು ದಿನದ ನನ್ನ ಬರವಣಿಗೆಯಲ್ಲಿ ಕೊಳ್ಳುವವರಿಗೆ ಬೇಕಾದ ಮಾತು ಅದೊಂದೇ ಇತ್ತು ಎಂಬುದನ್ನು ಒಪ್ಪಿಕೊಳ್ಳಲು ಇನ್ನೊಂದು ದಿನ ಹಿಡಿಯಿತು. ಉಳಿದದ್ದೆಲ್ಲ ಅವಳದು: ಅರ್ಧ ಕಿಲೋ, ಎಣ್ಣೆ ಇಲ್ಲ, ಒದ್ದೆ ಚಮಚ ಹಾಕಬೇಡಿ.

ಮೊನ್ನೆ ಪುಟ ತೆರೆದು ನೋಡಿದೆ. ‘ಮಿಡಿ ಮುಗಿದಿದೆ. ಇನ್ನು ಮುಂದಿನ ಯುಗಾದಿ ಕಳೆದ ಮೇಲೆ’ ಎಂದಿತ್ತು. ನನ್ನನ್ನು ಕೇಳದೆ ಬರೆದದ್ದು. ನಾನಾಗಿದ್ದರೆ ‘ವಿಷಾದಿಸುತ್ತೇವೆ’ ಎಂದು ಸೇರಿಸುತ್ತಿದ್ದೆ.