ಊಟದ ಸಾಲಿನ ಅರ್ಥಶಾಸ್ತ್ರ

ದೂರವನ್ನೇ ಇಲ್ಲವಾಗಿಸುವ ತಂತ್ರಾಂಶವನ್ನು ಮಾರುವ ಕಂಪನಿಗಳು ಆ ಮಾರಾಟಕ್ಕಾಗಿಯೇ ವರ್ಷಕ್ಕೊಮ್ಮೆ ಕೋಟು ತೊಟ್ಟು, ಟ್ರಾಫಿಕ್ಕಿನಲ್ಲಿ ಬೆಂದು ಒಂದೆಡೆ ಸೇರುವುದು ವಿಚಿತ್ರವೆನಿಸಿದರೂ, 1998ರಲ್ಲಿ ಆರಂಭವಾಗಿ ಈಗ ಬೆಂಗಳೂರು ಟೆಕ್ ಸಮ್ಮಿಟ್ ಎನಿಸಿಕೊಂಡಿರುವ ಸಮಾವೇಶವು ಈ ವೈಚಿತ್ರ್ಯಕ್ಕೆ ಸರ್ಕಾರದ ಮುದ್ರೆಯನ್ನೇ ಒತ್ತಿದೆ. 2020ರಲ್ಲಿ ಕೋವಿಡ್ ನಿಮಿತ್ತ ಅದು ಪರದೆಯ ಮೇಲೆ ನಡೆದಾಗ ಭಾಷಣಗಳಿಗೇನೂ ಬರವಿರಲಿಲ್ಲ (ಭಾಷಣಕ್ಕೆ ಬರ ಬರುವುದುಂಟೇ!), ಇಲ್ಲವಾದದ್ದು ಊಟದ ಸಾಲು. ನವೋದ್ಯಮದ, ಅಂದರೆ ಸ್ವಂತ ಉಪಾಯವನ್ನು ಪರರ ಹಣದಿಂದ ಬೆಳೆಸುವ ಸಂಸ್ಥೆಯ, ಸ್ಥಾಪಕನಿಗೆ, ಇಮೇಲಿಗೆ ಉತ್ತರಿಸದ ಹೂಡಿಕೆದಾರನು ಕೈಗೆ ಸಿಗುವುದು ಆ ಸಾಲಿನಲ್ಲಿಯೇ. ಆನ್‌ಲೈನ್ ಸಭೆಯಿಂದ ಮಾಯವಾಗಲು ಒಂದು ಗುಂಡಿ ಸಾಕು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಜಾಮೂನಿನ ಬಟ್ಟಲು ಹಿಡಿದವನಾದರೋ ಫೋನು ಬಂದಂತೆ ನಟಿಸಲೂ ಆಗದೆ, ಪಾಕ ಚೆಲ್ಲದಂತೆ ನಿಂತು, ಮುಂದಿನ ಐದು ವರ್ಷಗಳ ಲಾಭದ ಅಂದಾಜನ್ನು ಪೂರ್ತಿ ಕೇಳಲೇಬೇಕಾಗುತ್ತದೆ.