ಕೂತಲ್ಲೇ ಆಲ್ಪ್ಸ್

"ಹಿಂದಿನ ಚಕ್ರವೇ ಇಲ್ಲದ ಸೈಕಲ್ಲಿಗೆ ಯಾರಾದರೂ ಇಷ್ಟು ದುಡ್ಡು ಸುರೀತಾರೇನೋ?" ಎಂದು ಅಮ್ಮ ಕೇಳಿದಾಗ ನನ್ನ ಹತ್ತಿರ ತಾಂತ್ರಿಕ ಉತ್ತರವಿತ್ತು, ಅಮ್ಮನ ಹತ್ತಿರ ತಾಳ್ಮೆ ಇರಲಿಲ್ಲ. ಓದುಗರ ಹತ್ತಿರ ಇರಬಹುದೆಂದು ಇಲ್ಲಿ ಹೇಳುತ್ತೇನೆ. ಚಕ್ರ ಇದೆ, ಬಿಚ್ಚಿ ಅಟ್ಟಕ್ಕೆ ಹಾಕಿದ್ದೇನೆ. ಸ್ಮಾರ್ಟ್ ಟ್ರೈನರ್ ಎಂಬ ಯಂತ್ರದ ಪದ್ಧತಿಯೇ ಹಾಗೆ. ಹಿಂಚಕ್ರ ತೆಗೆದ ಜಾಗಕ್ಕೆ ಅದನ್ನು ಸಿಕ್ಕಿಸಿ, ಅದರ ಹಲ್ಲುಗಳಿಗೆ ಚೈನು ಏರಿಸಬೇಕು. ಒಳಗೆ ಭಾರದ ಫ್ಲೈವೀಲು, ಅದಕ್ಕೊಂದು ವಿದ್ಯುತ್ಕಾಂತ. ಟೀವಿಯಲ್ಲಿ ಏರು ಬಂತೆಂದರೆ ಕಾಂತ ಬಿಗಿಯಾಗಿ ನಮ್ಮ ತೊಡೆ ನಡುಗುತ್ತದೆ, ಇಳಿಜಾರು ಬಂದರೆ ಸಡಿಲವಾಗುತ್ತದೆ. ನಾವು ಎಷ್ಟು ವ್ಯಾಟ್ ತುಳಿದೆವೆಂದು ಯಂತ್ರ ಬ್ಲೂಟೂತಿನಲ್ಲಿ ಚಾಡಿ ಹೇಳುತ್ತದೆ, ಜ್ವಿಫ್ಟ್ ಎಂಬ ಆ್ಯಪು ಕೇಳಿಸಿಕೊಂಡು ತೆರೆಯ ಮೇಲಿನ ನಮ್ಮ ಬೊಂಬೆಯನ್ನು ಓಡಿಸುತ್ತದೆ. ಓಡುವ ಊರು ವಟೋಪಿಯಾ. ಅಲ್ಲಿ ಜ್ವಾಲಾಮುಖಿಯ ಹೊಟ್ಟೆಯೊಳಗೂ ಡಾಂಬರು ರಸ್ತೆಯಿದೆ, ಒಂದು ಗುಂಡಿ ಇಲ್ಲ.

ಯಂತ್ರದ ಬೆಲೆಯನ್ನು ನಾನು ಬರೆಯುವುದಿಲ್ಲ. ಬ್ಯಾಂಕಿಗೆ ಗೊತ್ತಿರುವ ಬೆಲೆ ಒಂದು, ಮನೆಯಲ್ಲಿ ಹೇಳಿರುವ ಬೆಲೆ ಇನ್ನೊಂದು, ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ.

ಇದನ್ನು ಸೋಶಿಯಲ್ ಸೈಕ್ಲಿಂಗ್ ಎನ್ನುತ್ತಾರೆ. ಮನೆಯವರ ಮುಖಕ್ಕೆ ಬಾಗಿಲು ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ನಾರ್ವೆಯವರು, ಜಪಾನಿನವರು, ಬ್ರೆಜಿಲಿನವರ ಜೊತೆ ಬೆರೆಯುವ ವಿಧಾನ. ಪಕ್ಕದಲ್ಲಿ ಹೋಗುವವರಿಗೆ 'ರೈಡ್ ಆನ್' ಎಂದು ಒಂದು ಹೆಬ್ಬೆರಳು ಕಳಿಸಬಹುದು, ಅವರೂ ವಾಪಸು ಕಳಿಸುತ್ತಾರೆ. ಮುಯ್ಯಿಯ ಲೆಕ್ಕ ಇಲ್ಲೂ ತಪ್ಪಿದ್ದಲ್ಲ. ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಗಾಳಿಯ ತಡೆ ಕಡಿಮೆಯಾಗಿ ಸುಲಭವಾಗುತ್ತದೆ. ಗಾಳಿಯೂ ಸುಳ್ಳು, ಬೆನ್ನೂ ಸುಳ್ಳು, ಗುಂಪಿನಿಂದ ಕಳಚಿಕೊಂಡಾಗ ಆಗುವ ಸಂಕಟ ಮಾತ್ರ ಅಪ್ಪಟ.

ನಾವಿರುವುದು ಮೈಸೂರಿನಲ್ಲಿ. ಅಂದಮೇಲೆ ಆಯುಧಪೂಜೆಗೆ ವಾಹನಗಳೆಲ್ಲ ಮಿಂದು ಸಾಲಾಗಿ ನಿಲ್ಲಲೇಬೇಕು. ಕಾರು, ಸ್ಕೂಟರು, ಮಗಳ ಗಾಡಿ ಆದ ಮೇಲೆ ಅಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದು ಮಹಡಿ ಹತ್ತಿ ನನ್ನ ಕೋಣೆಗೂ ಬಂದಳು. ಹ್ಯಾಂಡಲಿಗೆ ಸೇವಂತಿಗೆ ಹಾರ, ಟ್ರೈನರಿನ ಕಪ್ಪು ಮೈಗೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮ. ಯಂತ್ರಕ್ಕೆ ಅಂಥ ಕಳೆ ಅದರ ಕಾರ್ಖಾನೆಯಲ್ಲೂ ಬಂದಿರಲಾರದು. ಮುಂಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹಿಂದೆ ಸರಿದಳು.

"ಹೂಂ, ಒಂದು ಚೂರು ಮುಂದಕ್ಕೆ ತಗೋ."

"ಇದು ಮುಂದಕ್ಕೆ ಹೋಗಲ್ಲಮ್ಮ."

"ಹಿಂದಕ್ಕಾದರೂ ತಗೋ."

"ಹಿಂದಕ್ಕೂ ಹೋಗಲ್ಲ."

ಅಮ್ಮ ನಿಂಬೆಹಣ್ಣನ್ನು ನೋಡಿದಳು, ನನ್ನನ್ನು ನೋಡಿದಳು. "ದೃಷ್ಟಿ ತಾಗೋಕಾದರೂ ಗಾಡಿ ಬೀದಿಗಿಳೀಬೇಕಲ್ಲೋ" ಎಂದು ಬಗ್ಗಿ ಹಣ್ಣು ಎತ್ತಿಕೊಂಡು, ಸೆರಗಿನಲ್ಲಿ ಒರೆಸುತ್ತಾ ಇಳಿದುಹೋದಳು. ಮಧ್ಯಾಹ್ನದ ಚಿತ್ರಾನ್ನಕ್ಕೆ ಹುಳಿ ಹದವಾಗಿತ್ತು.

ಇನ್ನು ಹೆಂಡತಿ. ಇವಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅಂಥವರ ಎದುರು ವ್ಯಾಟ್ ಪದ ಎತ್ತುವ ಗಂಡಸು ಗಂಡೆದೆಯವನೇ ಇರಬೇಕು. ಒಂದು ಗಂಟೆ ತುಳಿದು, ಸರಾಸರಿ 150 ವ್ಯಾಟ್ ಎಂದು ಏದುಸಿರಿನಲ್ಲೇ ಹೇಳಿಕೊಂಡೆ. ಇವಳು ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕದಲ್ಲಿ ಪೆನ್ಸಿಲಿನಿಂದ ಗೀಚಿದಳು. "150 ವ್ಯಾಟ್, ಒಂದು ಗಂಟೆ, 0.15 ಯೂನಿಟ್. ನಮ್ಮ ಮಿಕ್ಸಿ 750 ವ್ಯಾಟ್. ಅಲ್ಲಿಗೆ ಹನ್ನೆರಡು ನಿಮಿಷ."

"ಏನು ಹನ್ನೆರಡು ನಿಮಿಷ?"

"ನೀವು ಗಂಟೆಗಟ್ಟಲೆ ಬೆವರು ಸುರಿಸಿದ್ದಕ್ಕೆ ಮಿಕ್ಸಿ ಓಡೋದು ರೀ. ದೋಸೆ ಹಿಟ್ಟು ಅರ್ಧಕ್ಕೇ ನಿಲ್ಲುತ್ತೆ." ಅಷ್ಟಕ್ಕೆ ಬಿಡಲಿಲ್ಲ. ಕೋಣೆಗೆ ಬಂದು ಪೆಡೆಸ್ಟಲ್ ಫ್ಯಾನಿನ ಹಿಂದೆ ಬಗ್ಗಿ ಚೀಟಿ ಓದಿದಳು, ಟೀವಿ ತಿರುಗಿಸಿ ಅದರದ್ದೂ ಓದಿದಳು, ಎರಡನ್ನೂ ಕೂಡಿ ನನ್ನ 150ರಲ್ಲಿ ಕಳೆದಳು. ಉಳಿದದ್ದನ್ನು ವೈ-ಫೈ ಡಬ್ಬ ತಿಂದಿತು. ಅಡಿಯಲ್ಲಿ ಎರಡು ಗೆರೆ ಎಳೆದು ಸೊನ್ನೆ ಬರೆದಳು, ಅದಕ್ಕೊಂದು ಸುತ್ತೂ ಹಾಕಿದಳು.

ಫ್ಯಾನ್ ಯಾಕೆ ಬೇಕೆಂದರೆ ಅದಕ್ಕೂ ವಿಜ್ಞಾನವಿದೆ, ಇವಳೇ ಹೇಳಿದ್ದು. ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಹೆಚ್ಚೆಂದರೆ ಕಾಲುಭಾಗ. ಪೆಡಲಿಗೆ 150 ವ್ಯಾಟ್ ಕೊಟ್ಟವನು ಕೋಣೆಗೆ 450 ವ್ಯಾಟ್‌ನಷ್ಟು ಶಾಖ ಬಿಡುತ್ತಾನೆ. ರಸ್ತೆಯಲ್ಲಾದರೆ ಎದುರುಗಾಳಿ ಅದನ್ನು ಹೊತ್ತೊಯ್ಯುತ್ತದೆ, ಕೋಣೆಯಲ್ಲಿ ಬೆವರು ತೊಟ್ಟಿಕ್ಕಿ ಚಾಪೆಯ ಮೇಲೆ ಭೂಪಟ ಬಿಡಿಸುತ್ತದೆ. ಗೃಹಜ್ಯೋತಿಯ ಮಿತಿ ಮೀರಿ ಕರೆಂಟ್ ಬಿಲ್ಲು ಬಂದ ತಿಂಗಳು ಎಲ್ಲರ ಕಣ್ಣು ನನ್ನ ಮೇಲೇ. ಈ ದೇಶದಲ್ಲಿ ಗೀಸರನ್ನು ಯಾರೂ ಅನುಮಾನಿಸುವುದಿಲ್ಲ.

ರೇಸುಗಳು ಹಗಲೂ ರಾತ್ರಿ ನಡೆಯುತ್ತಲೇ ಇರುತ್ತವೆ. ಆದರೆ ಜನ ಕಿಕ್ಕಿರಿಯುವುದು ಯುರೋಪಿನವರು ಆಫೀಸು ಮುಗಿಸಿ ಕೂತಾಗ. ಬೇಸಿಗೆಯಲ್ಲಿ ಅವರ ಸಂಜೆ ಏಳೆಂದರೆ ನಮಗೆ ರಾತ್ರಿ ಹತ್ತೂವರೆ. ಒಂದು ರಾತ್ರಿ ಅದನ್ನೂ ಮಾಡಿ ನೋಡಿದೆ. ಬೆಳಿಗ್ಗೆ ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ಸಿಕ್ಕಿ, "ಹಿಟ್ಟಿನ ಗಿರಣಿ ಹಾಕಿದೀರಂತೆ, ಸಂತೋಷ. ರಾಗಿಗೆ ಕೆಜಿಗೆಷ್ಟು ತಗೋತೀರಿ?" ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ಹಾಗಾಗಿ ಕ್ಯಾಲಿಫೋರ್ನಿಯಾದವರ ಸಂಜೆ ಆರು, ಅಂದರೆ ನಮ್ಮ ಬೆಳಗಿನ ಆರೂವರೆಗೆ ಬದಲಾಯಿಸಿಕೊಂಡೆ. ನಮ್ಮ ಬೀದಿಯಲ್ಲಿ ನಲ್ಲಿ ನೀರು ಬರುವುದೂ ಆಗಲೇ.

ಈ ರೇಸುಗಳಲ್ಲಿ ಗೌರವದಿಂದ ಶುರು ಮಾಡುವ ಪದ್ಧತಿಯಿಲ್ಲ. ಗಡಿಯಾರ ಸೊನ್ನೆಗೆ ಬಂದದ್ದೇ ತಡ ಎಲ್ಲರೂ ಜೀವಬಿಟ್ಟು ತುಳಿಯುತ್ತಾರೆ, ಮೊದಲ ಎರಡು ನಿಮಿಷ ಗುಂಪು ತಪ್ಪಿದವನಿಗೆ ಆಮೇಲೆ ಗುಂಪಿಲ್ಲ. ಆ ಎರಡು ನಿಮಿಷದಲ್ಲಿಯೇ ಕೆಳಗಿನಿಂದ ಕೂಗು ಬರುತ್ತದೆ: "ರೀ, ನೀರು ಬಂತೂ! ಮೋಟಾರ್ ಹಾಕೀ!" ಸ್ವಿಚ್ಚು ಇರುವುದು ಮೆಟ್ಟಿಲ ಕೆಳಗೆ. ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಷೂ ಹಾಕಿಕೊಂಡು ಮೊಸಾಯಿಕ್ ಮೆಟ್ಟಿಲಲ್ಲಿ ಟಕಟಕನೆ ಇಳಿಯುವುದು ವಟೋಪಿಯಾದ ಯಾವ ಇಳಿಜಾರಿಗಿಂತಲೂ ಅಪಾಯಕಾರಿ. ಮೋಟಾರ್ ಹಾಕಿ, ಅಲ್ಲೇ ಇದ್ದ ಕಾರಣಕ್ಕೆ ಮೂರನೇ ವಿಸಿಲಿಗೆ ಕುಕ್ಕರನ್ನೂ ಆರಿಸಿ, ಮೇಲೆ ಬಂದರೆ ನನ್ನ ಬೊಂಬೆ ಒಂದು ಕಾಲು ನೆಲಕ್ಕೂರಿ ರಸ್ತೆಯ ಮಧ್ಯೆ ನಿಂತಿರುತ್ತದೆ. ಗುಂಪು ಗುಡ್ಡದಾಚೆ. ಅಮ್ಮನ ಧಾರಾವಾಹಿಗೋ ಮಗಳ ಸಿನಿಮಾಕ್ಕೋ ಇಂಟರ್ನೆಟ್ ಸೋತರಂತೂ ಇನ್ನೂ ವಿಚಿತ್ರ. ಬೆಟ್ಟ, ಸಮುದ್ರ, ರಸ್ತೆ ಎಲ್ಲ ಇದ್ದಹಾಗೇ ಇದ್ದು, ಜಗತ್ತಿನ ಇತರ ಮನುಷ್ಯರು ಮಾತ್ರ ಮಾಯವಾಗುತ್ತಾರೆ. ನಾನು ರೇಸಿನಲ್ಲಿ ಮೊದಲಿಗನಾಗಿ ಕಾಣುವುದು ಆಗ ಮಾತ್ರ.

ಮನುಷ್ಯರ ಜೊತೆ ಹೊಂದದವರಿಗಾಗಿ ಆ್ಯಪಿನಲ್ಲಿ ಕೆಲವು ಯಂತ್ರ ಸವಾರರನ್ನು ಬಿಟ್ಟಿದ್ದಾರೆ. ಹೆಚ್ಚುಕಡಿಮೆ ಒಂದೇ ಹದದಲ್ಲಿ ದಿನವಿಡೀ ತುಳಿಯುತ್ತಾ ಇರುತ್ತಾರೆ, ಬೇಕಾದವರು ಸೇರಿಕೊಳ್ಳಬಹುದು. ಅವರಲ್ಲಿ ಒಬ್ಬಳ ಹೆಸರು ಮರಿಯಾ. ಫೋನಿನಲ್ಲಿ ಗೆಳೆಯನಿಗೆ, "ಇವತ್ತು ಮರಿಯಾ ಜೊತೆ ಒಂದು ಗಂಟೆ ಹೋದೆ" ಎಂದದ್ದು ಅಮ್ಮನ ಕಿವಿಗೆ ಬಿತ್ತು.

"ಯಾರೋ ಅದು ಮರಿಯಾ?"

"ಮನುಷ್ಯಳಲ್ಲಮ್ಮ, ಕಂಪ್ಯೂಟರ್. ಹಗಲೂ ರಾತ್ರಿ ತುಳೀತಾನೇ ಇರ್ತಾಳೆ."

"ಅಯ್ಯೋ ಪಾಪ, ಊಟ?"

ಅಮ್ಮನಿಗೆ ಬೇಸರವೆಂದರೆ ಬೆಟ್ಟದ್ದೇ. ಕಿಟಕಿ ತೆಗೆದರೆ ಚಾಮುಂಡಿಬೆಟ್ಟ ಕಾಣುತ್ತದೆ, ನಾನು ಪರದೆ ಎಳೆದುಕೊಂಡು ಆಲ್ಪ್ ಡು ಜ್ವಿಫ್ಟ್ ಹತ್ತುತ್ತೇನೆ. ಫ್ರಾನ್ಸಿನ ಆಲ್ಪ್ ದ್ಯುಯೇಜ್ ರಸ್ತೆಯನ್ನು ಹಾಗೇ ನಕಲು ಮಾಡಿದ್ದು: 21 ತಿರುವು, 12.2 ಕಿಲೋಮೀಟರ್, 1036 ಮೀಟರ್ ಏರು. ಮಂಗಳೂರಿನ ಕಡಲತೀರದಿಂದ ಚಾಮುಂಡಿಬೆಟ್ಟದ ತುದಿಗೆ ಹೆಚ್ಚುಕಡಿಮೆ ಅಷ್ಟೇ ಎತ್ತರ. ತುದಿ ಮುಟ್ಟಿದವರಿಗೆ ಒಂದು ಚಕ್ರ ತಿರುಗಿ ಬಹುಮಾನ ಬರುತ್ತದೆ. ಅದೃಷ್ಟವಂತರಿಗೆ ಹಗುರ ಗಾಲಿಗಳು ಸಿಗುತ್ತವೆ, ನನಗೆ ಸಿಕ್ಕಿದ್ದು ಕೈಗವಸು, ಅದೂ ಬೊಂಬೆಯ ಕೈಗೆ. "ನಿಮ್ಮ ಬಟ್ಟೇಲಿ ನಾನು ವಾಷಿಂಗ್ ಮೆಷಿನ್ನಿಗೆ ಹಾಕಬೇಕಾಗಿಲ್ಲದ್ದು ಇದೊಂದೇ" ಎಂದು ಇವಳು ಸಂತೋಷಪಟ್ಟಳು. ಅಮ್ಮ ಕೇಳಿದ್ದು ಇಷ್ಟೇ: "ಅಷ್ಟು ಹತ್ತಿದೀಯಲ್ಲ, ಮೇಲೆ ದೇವಸ್ಥಾನ ಇಲ್ವಾ?"

ನಾನೂ ವಾದಿಸದೇ ಬಿಟ್ಟವನಲ್ಲ. ಮನೆಯೊಳಗೆ ತುಳಿದು ವಿಶ್ವ ಚಾಂಪಿಯನ್ ಆದವರಿದ್ದಾರೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮೊದಲ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ 2020ರ ಡಿಸೆಂಬರ್ 9ರಂದು ಇದೇ ವಟೋಪಿಯಾದಲ್ಲಿ ನಡೆಯಿತು. ಮಹಿಳೆಯರಲ್ಲಿ ದಕ್ಷಿಣ ಆಫ್ರಿಕಾದ ಆ್ಯಷ್ಲೀ ಮೂಲ್ಮನ್ ಪಾಸಿಯೊ, ಪುರುಷರಲ್ಲಿ ಜರ್ಮನಿಯ ಜೇಸನ್ ಆಸ್ಬೋರ್ನ್ ಕಾಮನಬಿಲ್ಲಿನ ಜೆರ್ಸಿ ತೊಟ್ಟರು. ಆಸ್ಬೋರ್ನ್ ಮೂಲತಃ ದೋಣಿ ಸ್ಪರ್ಧೆಯವನು, ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದವನು. "ಅವರು ಮೋಟಾರ್ ಹಾಕೋಕೆ ಎದ್ದಿರಲಿಲ್ಲ" ಎಂದು ನಾನು ಒತ್ತಿ ಹೇಳಿದೆ. ಇಂಜಿನಿಯರಿಂಗ್ ಓದುವ ಮಗಳಿಗೆ ಕರುಣೆ ಹುಟ್ಟಿ, "ಅಪ್ಪಾ, ನಾನೊಂದು ಪ್ರೋಗ್ರಾಂ ಬರೀತೀನಿ. ಅದು ತುಳಿಯುತ್ತೆ, ನೀನು ಮಲಕ್ಕೋ" ಎಂದಳು. 2019ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಇ-ರೇಸ್ ಗೆದ್ದವನೊಬ್ಬ ಆ್ಯಪಿನೊಳಗಿನ ಒಳ್ಳೆಯ ಸೈಕಲ್ಲನ್ನು ಹೀಗೇ ಪ್ರೋಗ್ರಾಂ ತುಳಿಸಿ ಸಂಪಾದಿಸಿದ್ದು ಬಯಲಾಗಿ, ಪ್ರಶಸ್ತಿ ಕಿತ್ತುಕೊಂಡು, 250 ಪೌಂಡ್ ದಂಡ ಹಾಕಿ, ಆರು ತಿಂಗಳು ಹೊರಗಿಟ್ಟರು. ಅದನ್ನು ಮಗಳಿಗೆ ಹೇಳಿದೆ. "ಅದಕ್ಕೆ ನೀನು ಮೊದಲು ಗೆಲ್ಲಬೇಕಲ್ಲ" ಎಂದಳು.

ಇಷ್ಟರಲ್ಲಿ ದಸರಾ ರಜೆಗೆ ನನ್ನ ತಂಗಿಯ ಮಗ ಬಂದ. ತಂಗಿಯನ್ನು ಕೊಟ್ಟಿರುವುದು ವಿಜಯಪುರಕ್ಕೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಸೈಕಲ್ ಹತ್ತಿದರೆ ಏನಾಗುತ್ತದೆಂದು ಆಟೋಟದ ಪುಟ ಓದುವವರಿಗೆಲ್ಲ ಗೊತ್ತು. ಇವನೂ ಆ ಪೈಕಿ. ಕೋಣೆಗೆ ಬಂದು ಯಂತ್ರಕ್ಕೆ ಒಂದು ಸುತ್ತು ಹಾಕಿದ.

"ಮಾಮಾ, ಇದು ಮುಂದ ಹೋಗಂಗಿಲ್ಲಂದ್ರ ಬ್ರೇಕ್ ಯಾಕ್ರಿ?"

ಪ್ರಶ್ನೆಗೆ ಉತ್ತರ ಸಿಗದೆ, "ಹತ್ತಿ ನೋಡು, ಇಪ್ಪತ್ತು ನಿಮಿಷದ ಪರೀಕ್ಷೆ ಇದೆ" ಎಂದೆ. "ಇಪ್ಪತ್ತ ಏನ್ರಿ?" ಎಂದು ಹತ್ತಿದ. ಆ ಇಪ್ಪತ್ತು ನಿಮಿಷವೂ ಫ್ಲೈವೀಲು ಒಂದೇ ಶ್ರುತಿಯಲ್ಲಿ ಗುಂಯ್‌ಗುಟ್ಟಿತು. ನನ್ನ ಕೈಯಲ್ಲಿ ಅದು ಯಾವತ್ತೂ ಹಾಗೆ ಹಾಡಿದ್ದಿಲ್ಲ. ಮಧ್ಯೆ ಅಜ್ಜಿಯ ಮಂಡಿನೋವು ವಿಚಾರಿಸಿದ, ಮನೆಗೆ ಎಷ್ಟು ಬಾಡಿಗೆ ಬರುತ್ತದೆಂದು ಕೇಳಿದ. ಇಳಿದಾಗ ತೆರೆಯ ಮೇಲಿದ್ದ ಸರಾಸರಿ 310 ವ್ಯಾಟ್. ಒಂದು ಲೋಟ ಮಜ್ಜಿಗೆ ಕುಡಿದು, "ಭಾಳ ಸೆಖಿ ಐತ್ರಿ ಇಲ್ಲಿ" ಎಂದು ಹೊರಗೆ ಗಾಳಿಗೆ ಹೋದ.

ಅವನು ಹತ್ತಿದ್ದು ನನ್ನ ಖಾತೆಯಲ್ಲಿ. ಅದೇ ಆದ ಅನಾಹುತ. ಈ ರೇಸುಗಳಲ್ಲಿ ಹಲವಕ್ಕೆ ಎ, ಬಿ, ಸಿ, ಡಿ ಎಂದು ವಿಭಾಗಗಳಿವೆ. ನಿರ್ಧಾರವಾಗುವುದು ಮುಖ್ಯವಾಗಿ ದೇಹದ ಪ್ರತಿ ಕಿಲೋಗೆ ಎಷ್ಟು ವ್ಯಾಟ್ ಎಂಬುದರ ಮೇಲೆ. ಇತ್ತೀಚಿನ ತಿಂಗಳುಗಳ ನಮ್ಮ ಅತ್ಯುತ್ತಮ ಸಾಧನೆ ನೋಡಿ ಆ್ಯಪೇ ವಿಭಾಗ ಹೇಳುತ್ತದೆ, ಕೆಳಗಿನದಕ್ಕೆ ಇಳಿಯಲು ಬಿಡುವುದಿಲ್ಲ. ಮರುದಿನ ನೋಡಿದರೆ ನಾನು ಎ ವಿಭಾಗದವನಾಗಿದ್ದೆ. ಪೂರ್ತಿ ವೃತ್ತಿಪರರ ಪಕ್ಕದ ಪಂಕ್ತಿ.

ಇವಳಿಗೆ ಅನುಮಾನ ಬಂತು. "310ನ್ನು ಎಷ್ಟರಿಂದ ಭಾಗಿಸಿದರೆ ಎ ಬರುತ್ತೆ?" ಎಂದು ನನ್ನ ವಿವರಗಳ ಪುಟ ತೆರೆದಳು. ಅಲ್ಲಿ ತೂಕ 72 ಎಂದಿತ್ತು. ಅದು ಸುಳ್ಳಲ್ಲ. ಜೀವವಿಮೆ ಮಾಡಿಸುವಾಗ ಅರ್ಜಿಯಲ್ಲಿ ಬರೆದಿದ್ದ ತೂಕವೇ ಅದು, ಒಂದೊಂದು ಕಡೆ ಒಂದೊಂದು ಬರೆದರೆ ಮುಂದೆ ಕ್ಲೇಮಿಗೆ ತೊಂದರೆ. ಹಾಗೆಂದು ಸಮಜಾಯಿಷಿ ಕೊಡುತ್ತಿರುವಾಗಲೇ ಇವಳು ಅಡುಗೆಮನೆಯ ಪಕ್ಕದಿಂದ ತೂಕದ ಯಂತ್ರ ತಂದು ನೆಲಕ್ಕಿಟ್ಟಳು. ದೊಡ್ಡ ಪಂದ್ಯಗಳಲ್ಲಿ ಸವಾರರು ತಮ್ಮ ತೂಕವನ್ನು ವಿಡಿಯೊ ತೆಗೆದು ಸಾಬೀತು ಮಾಡಬೇಕು. ಮಗಳು ಕೇಳದೆಯೇ ಫೋನು ಹಿಡಿದು ನಿಂತಳು. ಮುಳ್ಳು 84ರಲ್ಲಿ ಅಲುಗಾಡಿತು. "ಟವೆಲ್ ಇದೆ" ಎಂದೆ. "ಒದ್ದೆಯಾಗಿದೆ" ಎಂದೂ ಸೇರಿಸಿದೆ.

84 ಎಂದು ತುಂಬಿ ಒಪ್ಪಿಗೆ ಕೊಟ್ಟ ಕ್ಷಣ ತೆರೆಯ ಮೇಲಿನ ಬೊಂಬೆ ನಮ್ಮ ಕಣ್ಣೆದುರೇ ದಪ್ಪಗಾಯಿತು. ಆ್ಯಪಿನಲ್ಲಿ ತೂಕಕ್ಕೆ ತಕ್ಕ ಮೈಕಟ್ಟು ಕೊಡುತ್ತಾರೆ. ಮೂವರು ಹೆಂಗಸರೂ ಸೋಫಾದ ಮೇಲೆ ಬಿದ್ದು ನಕ್ಕರು. ಅಮ್ಮ, "ಈಗ ಇವನ ಹಾಗೇ ಕಾಣ್ತಿದೆ, ಪಾಪ" ಎಂದಳು. ಓಟದಲ್ಲಿ ಗರಿಯೊಂದು ಬಹುಮಾನವಾಗಿ ಸಿಗುತ್ತದೆ, ಒತ್ತಿದರೆ ಕೆಲವು ಸೆಕೆಂಡು ತೂಕ ಇಳಿದಂತೆ ಲೆಕ್ಕ ಎಂದು ಧೈರ್ಯ ತಂದುಕೊಂಡು ವಿವರಿಸಿದೆ. "ಅಂಗಡೀಲಿ ಸಿಗುತ್ತಾ?" ಎಂದಳು ಇವಳು.

ಕ್ಯಾಲೆಂಡರಿನ ಹಾಳೆಯಲ್ಲಿ ಈಗ ಲೆಕ್ಕ ಪೂರ್ತಿಯಾಗಿದೆ. ನನ್ನ ಸ್ವಂತ ಕಾಲಿನ ಯೋಗ್ಯತೆ 194 ವ್ಯಾಟ್. ಅದನ್ನು 84ರಿಂದ ಭಾಗಿಸಿದರೆ ಡಿ, ವಿಮೆಯ ತೂಕದಿಂದ ಭಾಗಿಸಿದ್ದರಿಂದ ಇಷ್ಟು ದಿನ ಸಿ. ಸೋದರಳಿಯನ ಕಾಲನ್ನು ವಿಮೆಯ ತೂಕದಿಂದ ಭಾಗಿಸಿ ಆ್ಯಪು ಎ ಕೊಟ್ಟಿದೆ, ಅವನ ಇಪ್ಪತ್ತು ನಿಮಿಷ ಹಳೆಯದಾಗುವ ತನಕ ಕೆಳಗಿಳಿಸುವುದಿಲ್ಲ. ವಿಜಯಪುರದ ವಿಭಾಗ, ಮೈಸೂರಿನ ತೂಕ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಯಾರಾದರೂ ಈ ಹವ್ಯಾಸದವರಿದ್ದು, ಭಾನುವಾರ ಬೆಳಿಗ್ಗೆ ಆರೂವರೆಯ ಎ ವಿಭಾಗದ ರೇಸಿನಲ್ಲಿ ಭಾರತದ ಬಾವುಟ ಹಾಕಿಕೊಂಡ ದಪ್ಪ ಬೊಂಬೆಯೊಂದು ಎಲ್ಲರಿಗಿಂತ ಹಿಂದೆ ಒಂದು ಕಾಲು ನೆಲಕ್ಕೂರಿ ನಿಂತಿರುವುದು ಕಂಡರೆ, ಬಿದ್ದನೋ ಸತ್ತನೋ ಎಂದು ಗಾಬರಿಯಾಗಬೇಡಿ. ನೀರು ಬಂದಿರುತ್ತದೆ. ಒಂದು ಹೆಬ್ಬೆರಳು ಒತ್ತಿ ಮುಂದೆ ಹೋಗಿ.