ಕಿಜಾಬೆಯ ಚಹಾ

ಕೀನ್ಯಾದ ಕಿಜಾಬೆಯಲ್ಲಿರುವ ರಿಫ್ಟ್ ವ್ಯಾಲಿ ಅಕಾಡೆಮಿ 1906ರಲ್ಲಿ ಶುರುವಾದ ಮಿಷನರಿ ಶಾಲೆ. 1909ರಲ್ಲಿ ಅಲ್ಲಿ ಅಡಿಗಲ್ಲಿಟ್ಟವರು ಥಿಯೊಡೋರ್ ರೂಸ್‌ವೆಲ್ಟ್. ಅಮೆರಿಕದಿಂದ ಬಂದ ಹೊಸ ಮೇಷ್ಟ್ರನ್ನು ಇಂಥ ಊರಿಗೆ ಒಗ್ಗಿಸುವುದು ಪ್ರಾರ್ಥನೆಗಿಂತ ಹೆಚ್ಚಾಗಿ ಚಹಾ ಎಂಬುದು ನನ್ನ ವಾದ. ಸಮಭಾಜಕ ವೃತ್ತ ಹತ್ತಿರದಲ್ಲೇ ಇದೆಯೆಂದು ತೆಳು ಅಂಗಿಗಳನ್ನಷ್ಟೇ ತಂದವರು 2000 ಮೀಟರಿಗೂ ಮಿಕ್ಕ ಎತ್ತರದ ಚಳಿಗೆ ಗಡಗಡ ನಡುಗುತ್ತಾರೆ. ಗಾಡಿ ಎಡಕ್ಕೆ ಓಡಿಸಬೇಕು; ಹುಡುಗರು ಆಡುವುದೋ ರಗ್ಬಿ. ನಂಬಿಕೆ ಎಲ್ಲರನ್ನೂ ಬೆಸೆಯುವುದಿಲ್ಲವೇ ಎನ್ನಬಹುದು. ಬೆಸೆಯುತ್ತದೆ, ಸರಿ. ಆದರೆ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿರುತ್ತದೆ. ಪಕ್ಕದವರ ಮುಖಪರಿಚಯ ಆಗುವುದೆಂತು? ಹಾಲು, ಸಕ್ಕರೆ ಹಾಕಿ ಕುದಿಸುವ ಕೀನ್ಯಾದ ಚಹಾಕ್ಕಾದರೋ ಹೊತ್ತೂ ಬೇಕು, ಹರಟೆಯೂ ಬೇಕು. ಸ್ವೆಟರ್ ಎಲ್ಲಿ ಅಗ್ಗ ಎಂಬ ಪರಮಸತ್ಯ ಹೊರಬೀಳುವುದು ಅಲ್ಲೇ. ಕೀನ್ಯಾದಲ್ಲಿ ಒಳ್ಳೇ ಕಾಫಿಯೂ ಬೆಳೆಯುತ್ತದಲ್ಲ ಎಂದು ಕಾಫಿಪ್ರಿಯರ ತಕರಾರು. ಬೆಳೆಯುತ್ತದೆ, ಸ್ವಾಮಿ, ಬಹುಪಾಲು ಹಡಗು ಹತ್ತಿ ಹೊರಟುಹೋಗುತ್ತದೆ.